ಎದುರುಮನೆಯ ಹಿಂದಿ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆರಳು, ಅದರ ಪಕ್ಕದ ತೋರುಬೆರಳು ಎರಡೂ ಹುಣಸೆಬೀಜದ ಹಾಗೆ ನುಣ್ಣಗಿದ್ದವು. ತುದಿಯಲ್ಲಿ ಸ್ವಲ್ಪ ಚಪ್ಪಟೆ, ಎಷ್ಟು ತೊಳೆದರೂ ಬೂದಿಬಣ್ಣ. ನ್ಯಾಯಬೆಲೆ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂದ ಮೇಲೆ ಇದು ದೊಡ್ಡ ಫಜೀತಿಯಾಯಿತು. ಅಂಗಡಿಯವನು "ಗಟ್ಟಿಯಾಗಿ ಒತ್ತಮ್ಮಾ" ಅನ್ನುತ್ತಿದ್ದ, ಇವರು ಒತ್ತುತ್ತಿದ್ದರು, ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. ಕೊನೆಗೊಂದು ದಿನ ದೊಡ್ಡಮ್ಮ ಇಡೀ ಸಾಲಿಗೆ ಕೇಳಿಸುವ ಹಾಗೆ, "ನಾನು ಇದೀನೋ ಇಲ್ವೋ ಅಂತ ನಿನ್ ಮಿಷನ್ನು ಹೇಳ್ಬೇಕೇನಪ್ಪಾ? ನಿನ್ ಕಣ್ಣಿಗೆ ಕಾಣ್ತಿಲ್ವಾ?" ಎಂದು ಕೇಳಿದರು. ಸಾಲಿನಲ್ಲಿ ನಾನೂ ಇದ್ದೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿದವಳಲ್ಲ.

ಆ ಗೆರೆಗಳನ್ನೆಲ್ಲ ತಿಂದದ್ದು ನೂಲು. ದೊಡ್ಡಮ್ಮನ ಕಸುಬು ಅಚ್ಚು ಕೆಚ್ಚುವುದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತಾ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಬಿದ್ದರೆ ಎಳೆಗಳು ಹಾಯುವ ಬಾಚಣಿಗೆಯಂಥ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ತುದಿಗಳನ್ನು ಒಂದು ಸಲ ಹೊಸೆದುಬಿಟ್ಟರೆ ಅವು ಒಂದಾಗಬೇಕು. ಒಂದು ಸೀರೆಯ ಹಾಸಿಗೆ ಸಾವಿರಗಟ್ಟಲೆ ಎಳೆ. ನಮ್ಮ ಬೀದಿಯ ಮಗ್ಗಗಳಿಗೆಲ್ಲ ದೊಡ್ಡಮ್ಮನೇ ಕೆಚ್ಚುತ್ತಿದ್ದರು. ಅವರು ಕೆಚ್ಚಿದ ಜಾಗ ಎಲ್ಲಿ ಅಂತ ಹುಡುಕಿದರೂ ಸಿಗುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಅವರು ನಮಗೆ ರಕ್ತಸಂಬಂಧಿಯಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಮ್ಮ ಮನೆಯ ಎದುರುಮನೆಯವರು. ಅಪ್ಪ ಅವರನ್ನು ಅಕ್ಕ ಅನ್ನುತ್ತಿದ್ದುದರಿಂದ ನಮಗೆ ದೊಡ್ಡಮ್ಮ. ಮಾತಿನಲ್ಲಿ ಏಕವಚನ, ಈಗ ಬರೆಯಲು ಕೂತಾಗ ಬಹುವಚನ. ಶಾಲೆಯ ಮೇಡಂ ಆದದ್ದರ ಪರಿಣಾಮ.

ಬೀದಿಗೆ ಮೊದಲು ಟೀವಿ ಬಂದದ್ದು ಅವರ ಮನೆಗೆ. ಹಿಂದೂಪುರದಲ್ಲಿದ್ದ ಅವರ ತಮ್ಮ ಬಣ್ಣದ ಟೀವಿ ತಂದುಕೊಂಡು, ಹಳೆಯ ಕಪ್ಪುಬಿಳುಪಿನದನ್ನು ಅಕ್ಕನಿಗೆ ಕಳಿಸಿಕೊಟ್ಟಿದ್ದ. ಅದಕ್ಕೆ ಮರದ ಬಾಗಿಲುಗಳಿದ್ದವು, ಎರಡೂ ಕಡೆಗೆ ಸರಿಸಬೇಕು. ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಆ ಬಾಗಿಲು ಸರಿಸುವ ಹೊತ್ತಿಗೆ ಬೀದಿಯ ಹದಿನೈದಿಪ್ಪತ್ತು ಮಕ್ಕಳು ಅವರ ನಡುಮನೆಯಲ್ಲಿ ಹಾಜರ್. ಒಳಗೆ ಬಿಡಲು ಅವರದೊಂದು ಶರತ್ತಿತ್ತು. ಬಾಗಿಲಲ್ಲಿ ಸಿಕ್ಕುಬಿದ್ದ ರೇಷ್ಮೆ ನೂಲಿನ ಒಂದು ಬುಟ್ಟಿ ಇಟ್ಟಿರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಸಿಕ್ಕು ಬಿಡಿಸಿದ ಮೇಲೆಯೇ ಒಳಗೆ ಜಾಗ. ಬಿಡಿಸದೆ ಹರಿದವರಿಗೆ ಆ ವಾರ ಟೀವಿ ಇಲ್ಲ. ಅತ್ತರೂ ಇಲ್ಲ, ಅವರಮ್ಮ ಬಂದು ಕೇಳಿಕೊಂಡರೂ ಇಲ್ಲ.

ಟೀವಿಯಲ್ಲಿ ಬರುತ್ತಿದ್ದುದೆಲ್ಲ ಹಿಂದಿ. ನಮ್ಮಲ್ಲಿ ಯಾರಿಗೂ ಹಿಂದಿ ಬಾರದು. ಬಂದಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಗೋಡೆಯ ಆಚೆ ಅವರದೇ ಎರಡು ಮಗ್ಗ, ಪಕ್ಕದ ಮನೆಯಲ್ಲಿ ನಾಲ್ಕು, ಎದುರಿಗೆ ನಮ್ಮವು ಎರಡು. ಲಾಳಿ ಹೊಡೆಯುವ ಸದ್ದಿನಲ್ಲಿ ಟೀವಿಯ ಕಿವಿ ಎಷ್ಟು ತಿರುಪಿದರೂ ಏನೂ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಿದ್ದರು, ಅಷ್ಟೆ.

ಆದರೆ ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಇದು ಅಂಥ ತೊಂದರೆಯೇ ಅಲ್ಲ. ಮಗ್ಗ ಓಡುತ್ತಿರುವಾಗ ಯಾರೂ ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸದ್ದಿಲ್ಲದೆ "ಮುದ್ದೆ ಆರ್ತಾ ಇದೆ" ಅಂದರೆ ಅಪ್ಪ ಮೂರನೆಯ ಕಂಬದ ಆಚೆಯಿಂದ ತಲೆ ಆಡಿಸುತ್ತಿದ್ದರು. ಹಾಗಾಗಿ ದೊಡ್ಡಮ್ಮ ಟೀವಿಯ ಪಕ್ಕದಲ್ಲಿ ಗೋಡೆಗೊರಗಿ ಕೂತು, "ತುಟಿ ನೋಡಿದ್ರೆ ಗೊತ್ತಾಗಲ್ವೇನ್ರೋ" ಎಂದು ಹೇಳಿ, ನಡೆಯುತ್ತಿರುವುದನ್ನೆಲ್ಲ ಗಟ್ಟಿ ದನಿಯಲ್ಲಿ ಕನ್ನಡದಲ್ಲಿ ಒಪ್ಪಿಸತೊಡಗಿದಾಗ ನಮಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ತುಟಿ ತುಟಿಯೇ ಅಲ್ಲವೆ? ಹಿಂದಿಯವರ ತುಟಿ ಬೇರೆ, ನಮ್ಮ ತುಟಿ ಬೇರೆ ಎಂದು ಇಡೀ ಬೀದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೊಡ್ಡವರಿಗೂ ಹೊಳೆಯಲಿಲ್ಲ.

ಹೀಗೆ ನಾವು ಕಂಡ ಧಾರಾವಾಹಿಗಳೆಲ್ಲ ಅವರ ಬಾಯಿಂದ ಬಂದವು. ಒಂದು ಪತ್ತೇದಾರಿ ಧಾರಾವಾಹಿ ಇತ್ತು. ಅದರಲ್ಲಿ ಕಳ್ಳ ಪ್ರತಿವಾರ ಏನಾದರೊಂದು ಬೇಜವಾಬ್ದಾರಿ ಕೆಲಸ ಮಾಡಿ ಸಿಕ್ಕಿಬೀಳುತ್ತಿದ್ದ. ಒಂದು ಸಲ ಊಟದ ಡಬ್ಬಿ ತೊಳೆಯದೆ ಇಟ್ಟಿದ್ದಕ್ಕೆ, ಇನ್ನೊಂದು ಸಲ ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟಿದ್ದಕ್ಕೆ. ಆ ವಾರವಿಡೀ ನಮ್ಮ ಬೀದಿಯ ಚಪ್ಪಲಿಗಳು ಗೋಡೆಗೆ ಸಾಲಾಗಿ ನಿಂತವು. ಕಾಡಿನ ಪ್ರಾಣಿಗಳ ಕಾರ್ಯಕ್ರಮದಲ್ಲಿ ಆನೆಮರಿ ತಾಯಿಯಿಂದ ತಪ್ಪಿಸಿಕೊಂಡದ್ದು ಹೇಳದೆ ಕೇಳದೆ ಆಟಕ್ಕೆ ಹೋದದ್ದರಿಂದ. ವಾರ್ತೆಯಲ್ಲಿ ಇಬ್ಬರು ದೊಡ್ಡ ಮನುಷ್ಯರು ಕೈಕುಲುಕುತ್ತಿದ್ದರೆ, "ಬೀಗರು. ಮುನಿಸ್ಕೊಂಡಿದ್ರು, ಈಗ ಸರಿಹೋದ್ರು" ಎನ್ನುತ್ತಿದ್ದರು. ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಓದುವ ವಾರ್ತೆ ಬಂದಾಗ ಮಾತ್ರ ದೊಡ್ಡಮ್ಮ ಬಾಯಿ ಮುಚ್ಚಿ ಕೂರುತ್ತಿದ್ದರು. ವಾರ್ತೆ ಓದುವ ಹೆಂಗಸಿನ ಕೈಗಳನ್ನೇ ನೋಡುತ್ತಾ, ಅದಕ್ಕೆ ಯಾರೂ ಅಡ್ಡ ಬರಬಾರದು ಎನ್ನುವಂತೆ ನಮ್ಮನ್ನೂ ಸುಮ್ಮನಿರಿಸುತ್ತಿದ್ದರು. ಅದರಲ್ಲಿ ಅವರಿಗೆ ಏನು ತಿಳಿಯುತ್ತಿತ್ತೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಎಲ್ಲಕ್ಕಿಂತ ನಮಗೆ ಇಷ್ಟವಾದದ್ದು ಒಬ್ಬ ಪೋಸ್ಟ್ ಮಾಸ್ಟರರ ಸಂಸಾರದ ಕತೆ. ಉತ್ತರದ ಯಾವುದೋ ಚಿಕ್ಕ ಊರು, ಅಂಚೆ ಕಚೇರಿಗೆ ಅಂಟಿಕೊಂಡ ಮನೆ, ಮೂರು ಹೆಣ್ಣುಮಕ್ಕಳು. ನಡುವಿನವಳು ನನ್ನ ವಯಸ್ಸಿನವಳು. ಎರಡು ಜಡೆ, ಯಾವಾಗಲೂ ಕೈಯಲ್ಲಿ ಪುಸ್ತಕ. ಅವಳಿಗೆ ಏನೋ ಹೆಸರಿತ್ತು. ದೊಡ್ಡಮ್ಮ ಅದನ್ನು ಹಿಡಿಯಲಾಗದೆ "ನಡೂಕಿನೋಳು" ಎಂದೇ ಕರೆದರು, ನಾವೂ ಹಾಗೇ ಕರೆದೆವು. ನಡೂಕಿನೋಳು ಏನು ಮಾಡಿದರೂ ಸೋಮವಾರ ನಾನು ಅದನ್ನು ಮಾಡಬೇಕು. ಅವಳು ಕನ್ನಡಿಯ ಮುಂದೆ ಜಡೆ ಹಿಂದಕ್ಕೆ ಎಸೆದರೆ ನಾನೂ ಎಸೆಯುತ್ತಿದ್ದೆ.

ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ನನ್ನನ್ನು ಶಾಲೆ ಬಿಡಿಸುವುದೆಂದು ತೀರ್ಮಾನವಾಯಿತು. ತೀರ್ಮಾನಿಸಿದವರು ಅಪ್ಪನ ಅಣ್ಣ. ಅವರು ಬಂದು ಜಗುಲಿಯ ಮೇಲೆ ಕೂತು, "ಎರಡನೇ ಮಗ್ಗ ಹಾಕ್ದೆ, ಕಂಡಿಕೆ ಸುತ್ತೋರು ಯಾರು? ನಿನ್ ಹೆಂಡ್ತಿ ಕಣ್ಣಿಗೆ ಎಳೆ ಕಾಣಲ್ಲ. ಹುಡುಗಿ ಓದಿದ್ದು ಸಾಕು" ಅಂದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಚಿಕ್ಕ ಕೊಳವೆ. ಮಗ್ಗ ಓಡುತ್ತಿರುವಷ್ಟು ಹೊತ್ತೂ ಯಾರಾದರೊಬ್ಬರು ಕೂತು ಅದನ್ನು ತುಂಬಿಸುತ್ತಲೇ ಇರಬೇಕು. ಅಪ್ಪ ಅಣ್ಣನ ಮುಂದೆ ತಲೆಯೆತ್ತಿ ಮಾತಾಡಿದವರಲ್ಲ. "ಹೂಂ" ಅಂದರು.

ನಾನೂ ಏನೂ ಅನ್ನಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಳಲಿಲ್ಲ, ಊಟ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತತೊಡಗಿದೆ. ಪುಸ್ತಕಗಳನ್ನು ಗೋಣಿಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಹೇಳಿದ ಮಾತು ಕೇಳುವವಳು ಎಂದು ನನಗೆ ಬೀದಿಯಲ್ಲೆಲ್ಲ ಒಳ್ಳೆಯ ಹೆಸರಿತ್ತು, ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು. ಶಾಲೆ ಬೇಕು ಅನ್ನಿಸುತ್ತಿರಲಿಲ್ಲವೆ? ಅನ್ನಿಸುತ್ತಿತ್ತು. ಆದರೆ ಬೇಕು ಅನ್ನಿಸಿದ್ದನ್ನು ಬಾಯಿಬಿಟ್ಟು ಕೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅಪ್ಪ ಎರಡನೆಯ ಸಲ ಸಾರು ಬೇಕಾದರೂ ತಟ್ಟೆ ಮುಂದಕ್ಕೆ ತಳ್ಳಿ ಸುಮ್ಮನೆ ಕೂರುತ್ತಿದ್ದರು.

ಶಾಲೆ ತೆರೆಯುವುದಕ್ಕೆ ಎಂಟೋ ಹತ್ತೋ ದಿನವಿದ್ದಾಗ ಬಂದ ಭಾನುವಾರದ ಕಂತು ಇದು. ನನಗೆ ಒಂದೊಂದು ದೃಶ್ಯವೂ ನೆನಪಿದೆ. ಪೋಸ್ಟ್ ಮಾಸ್ಟರರ ಮನೆಗೆ ಯಾರೋ ಹಿರಿಯರು ಬರುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ. ಆಮೇಲೆ ಪೋಸ್ಟ್ ಮಾಸ್ಟರರು ನಡೂಕಿನೋಳನ್ನು ಕರೆದು ಅವಳ ಪುಸ್ತಕಗಳನ್ನು ತೋರಿಸಿ ಏನೋ ಹೇಳುತ್ತಾರೆ. "ಶಾಲೆ ಬಿಡು ಅಂತಾವ್ನೆ" ಎಂದರು ದೊಡ್ಡಮ್ಮ. ಯಾಕೋ ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಟೀವಿ ನೋಡಲು ಅವರು ಎಂದೂ ಬಂದವರಲ್ಲ. ಮಗ್ಗ ನಿಲ್ಲಿಸಿ ಬಂದಿದ್ದರು, ಹೆಗಲ ಮೇಲೆ ನೂಲಿನ ದೂಳು ಹಾಗೇ ಇತ್ತು.

ನಡೂಕಿನೋಳು ಹೊಸ್ತಿಲ ಹತ್ತಿರ ಹೋಗಿ ನಿಂತಳು. ನಮಗೆ ಬೆನ್ನು, ಅವಳಪ್ಪನಿಗೆ ಮುಖ. ಆಗ ದೊಡ್ಡಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿ, ಎಂದಿಗಿಂತ ಗಟ್ಟಿಯಾಗಿ ಹೇಳಿದರು:

"ಅಪ್ಪಾ, ಕೆಲ್ಸ ಮಾಡಲ್ಲ ಅಂತ ನಾನು ಅನ್ನಲ್ಲ. ಬೆಳಿಗ್ಗೆ ಎದ್ದು ಮಾಡ್ತೀನಿ, ಸಂಜೆ ಬಂದು ಮಾಡ್ತೀನಿ. ಮಧ್ಯದ ಹೊತ್ತು ನಂಗೆ ಬಿಟ್ಕೊಡಪ್ಪಾ. ಇದೊಂದು ಕೇಳ್ತೀನಿ."

ಪರದೆಯ ಮೇಲೆ ಆ ಅಪ್ಪ ತಲೆಯಾಡಿಸಿ ಒಂದೆರಡು ಮಾತಾಡಿದ.

"'ಆಗ್ಲಿ ಮಗಳೇ, ಹೋಗು' ಅಂದ" ಎಂದರು ದೊಡ್ಡಮ್ಮ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ತಿರುಗಿ ನೋಡುವಷ್ಟರಲ್ಲಿ ಅಪ್ಪ ಹೊರಟುಹೋಗಿದ್ದರು.

ಆ ಮಾತನ್ನು ನಾನು ಅವತ್ತೆಲ್ಲ ಉರುಹೊಡೆದೆ. ಸೋಮವಾರ ಬೆಳಿಗ್ಗೆ ಅಪ್ಪ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು, ಇನ್ನೂ ಓಡಿಸಿರಲಿಲ್ಲ. ನಾನು ಮಗ್ಗದ ಮನೆಯ ಹೊಸ್ತಿಲಲ್ಲಿ ನಡೂಕಿನೋಳು ನಿಂತ ಹಾಗೇ ನಿಂತು, ಒಂದಕ್ಷರ ಬಿಡದೆ ಒಪ್ಪಿಸಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

"ಎಲ್ಲಿ ಕಲ್ತೆ ಈ ಮಾತು?"

"ಟೀವೀಲಿ."

"ಟೀವೀಲಿ ಅವರಪ್ಪ ಏನಂದ?"

"ಆಗ್ಲಿ ಅಂದ."

"ಹಂಗಾದ್ರೆ ನಾನೂ ಅನ್ಬೇಕಲ್ಲ" ಎಂದು ಮೋಟಾರಿನ ಗುಂಡಿ ಒತ್ತಿದರು. ಮಗ್ಗ ಶುರುವಾಯಿತು, ಮಾತು ಮುಗಿಯಿತು. ಅಪ್ಪನ ಅಣ್ಣ ಕೇಳಿದಾಗ, "ಹುಡುಗಿ ಹಟ ಹಿಡಿದ್ಲಣ್ಣ, ಏನ್ಮಾಡೋದು" ಅಂದರಂತೆ. ಒಳಗಿದ್ದ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳಂತೆ. ಹಟ, ಅದೂ ಇವಳು!

ಹೀಗೆ ನಾನು ಎಂಟನೆಯ ತರಗತಿಗೆ ಹೋದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕಂಡಿಕೆ ಸುತ್ತಿದೆ. ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಹತ್ತು ಮುಗಿಯಿತು, ಕಾಲೇಜು ಮುಗಿಯಿತು. ಯಾಕೆ ಹಿಂದಿಯನ್ನೇ ತೆಗೆದುಕೊಂಡೆ ಎಂದು ಕೇಳಿದವರಿಗೆಲ್ಲ ಏನೇನೋ ಕಾರಣ ಹೇಳಿದ್ದೇನೆ. ನಿಜವಾದ ಕಾರಣ, ಒಂದು ಭಾನುವಾರ ನನ್ನ ಜೀವ ಉಳಿಸಿದ ಭಾಷೆ ಹೇಗಿರುತ್ತದೆಂದು ನೋಡುವ ಕುತೂಹಲ. ಈಗ ಇಪ್ಪತ್ತು ವರ್ಷಗಳಿಂದ ನೆಲಮಂಗಲದ ಕಡೆಯ ಒಂದು ಶಾಲೆಯಲ್ಲಿ ಹಿಂದಿ ಪಾಠ ಹೇಳುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಮನೆ ಈಗಲೂ ಅದೇ ಬೀದಿಯಲ್ಲಿ. ಮಕ್ಕಳು ಎಲ್ಲಿ ತಪ್ಪು ಮಾಡುತ್ತಾರೆಂದು ಕಾಯುವುದು ನನ್ನ ಉದ್ಯೋಗ. ಆದರೂ ದೊಡ್ಡಮ್ಮನ ಹಿಂದಿಯ ಬಗ್ಗೆ ಯೋಚಿಸುವ ಬುದ್ಧಿ ಅಷ್ಟು ವರ್ಷ ನನಗೆ ಬರಲಿಲ್ಲ. ನಾನು ಹಿಂದಿ ಕಲಿಯುವ ಹೊತ್ತಿಗೆ ಆ ಧಾರಾವಾಹಿಗಳೆಲ್ಲ ನಿಂತುಹೋಗಿದ್ದವು. ಕೇಬಲ್ ಬಂದು ಮನೆಮನೆಯಲ್ಲೂ ಕನ್ನಡದ ಟೀವಿ ಇತ್ತು, ದೊಡ್ಡಮ್ಮನ ನಡುಮನೆ ಖಾಲಿಯಾಗಿತ್ತು.

ಹೋದ ವರ್ಷ ಬಸ್ಸಿನಲ್ಲಿ ಕೂತು ಫೋನು ತಿರುವುತ್ತಿದ್ದಾಗ ಅದು ಎದುರಾಯಿತು. ಯಾರೋ ಪುಣ್ಯಾತ್ಮರು ಹಳೆಯ ಧಾರಾವಾಹಿಗಳನ್ನೆಲ್ಲ ಹಾಕಿದ್ದರು. ಅಂಚೆ ಕಚೇರಿ, ಮೂರು ಹೆಣ್ಣುಮಕ್ಕಳು, ಎರಡು ಜಡೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊದಲ ಕಂತಿನಿಂದ ಶುರುಮಾಡಿದೆ. ಎರಡು ನಿಮಿಷವಾಗುವಷ್ಟರಲ್ಲಿ ತಡೆಯಲಾಗದೆ ನಕ್ಕುಬಿಟ್ಟೆ, ಪಕ್ಕದ ಸೀಟಿನವರು ತಿರುಗಿ ನೋಡಿದರು. ಒಂದು ಮಾತೂ, ಒಂದೇ ಒಂದು ಮಾತೂ ದೊಡ್ಡಮ್ಮ ಹೇಳಿದ್ದಲ್ಲ. ಅವರು ಸೊಸೆ ಅಂದವಳು ಕತೆಯಲ್ಲಿ ಅಕ್ಕ. ಅವರು ಸತ್ತುಹೋದ ಅಂದವನು ವರ್ಗವಾಗಿ ಬೇರೆ ಊರಿಗೆ ಹೋದವನು. ನಾವು ಅವನಿಗಾಗಿ ಅತ್ತಿದ್ದೆವು.

ದಿನಕ್ಕೆ ಎರಡು ಕಂತಿನಂತೆ ನೋಡುತ್ತಾ ಹತ್ತನೆಯ ದಿನಕ್ಕೋ ಏನೋ ಆ ಕಂತಿಗೆ ಬಂದೆ. ಹಿರಿಯರು ಬಂದರು, ಹೋದರು. ಪೋಸ್ಟ್ ಮಾಸ್ಟರರು ಮಗಳನ್ನು ಕರೆದು ಓದು ನಿಲ್ಲಿಸು ಅಂದದ್ದು ನಿಜವೇ. ಅಷ್ಟನ್ನು ದೊಡ್ಡಮ್ಮ ಸರಿಯಾಗಿ ಹಿಡಿದಿದ್ದರು. ಹುಡುಗಿ ಹೊಸ್ತಿಲಿಗೆ ಹೋಗಿ ಬೆನ್ನು ಹಾಕಿ ನಿಂತಳು. ನಾನು ಫೋನಿನ ಸದ್ದು ಪೂರ್ತಿ ಏರಿಸಿದೆ. ಏನೂ ಇಲ್ಲ. ಗೋಡೆಯ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಆಮೇಲೆ ಅಪ್ಪ ತಲೆಯಾಡಿಸಿ, "ಹೋಗು, ಟೀ ಮಾಡ್ಕೊಂಡು ಬಾ" ಅಂದ. ಅವಳು ಪುಸ್ತಕಗಳನ್ನು ಎತ್ತಿಟ್ಟು ಟೀ ತಂದುಕೊಟ್ಟಳು. ಕಂತು ಮುಗಿಯಿತು. ಮುಂದಿನ ಕಂತುಗಳಲ್ಲಿ ಅವಳ ಕೈಯಲ್ಲಿ ಪುಸ್ತಕ ಕಾಣಿಸಲೇ ಇಲ್ಲ.

ನನಗೆ ನಗು ಬರಲಿಲ್ಲ. ಅಲ್ಲ, ನನ್ನ ಜೀವನವನ್ನು ತಿರುಗಿಸಿದ ಆ ಮಾತು ಹಾಗಾದರೆ ಯಾರದು? ಪೋಸ್ಟ್ ಮಾಸ್ಟರರ ಮನೆಯಲ್ಲಿ ಒಬ್ಬ ಹುಡುಗಿ ಬೆಳಿಗ್ಗೆ ಎದ್ದು, ಸಂಜೆ ಬಂದು ಮಾಡುವ ಕೆಲಸವಾದರೂ ಯಾವುದು? ಕಾಗದಕ್ಕೆ ಮುದ್ರೆ ಒತ್ತುವುದೆ? ಇಷ್ಟು ಸರಳವಾದ ಪ್ರಶ್ನೆಯನ್ನು ಮೂವತ್ತು ವರ್ಷಕ್ಕೂ ಮೇಲೆ ನಾನು ಕೇಳಿಕೊಂಡೇ ಇರಲಿಲ್ಲ. ಅದು ನೇಕಾರರ ಮನೆಯ ಮಾತು. ಬಸ್ಸು ಇಳಿದವಳು ಮನೆಗೆ ಹೋಗದೆ ನೇರವಾಗಿ ಎದುರುಮನೆಗೆ ಹೋದೆ.

ದೊಡ್ಡಮ್ಮನಿಗೆ ಆಗ ಎಂಬತ್ತು ದಾಟಿತ್ತು. ಕೆಚ್ಚುವ ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು, ಕಿವಿ ಪೂರಾ ಹೋಗಿತ್ತು, ಕಣ್ಣು ಮಾತ್ರ ಆಪರೇಷನ್ ಆದ ಮೇಲೆ ಚೆನ್ನಾಗಿತ್ತು. ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು ಕೇಳಿದೆ.

"ದೊಡ್ಡಮ್ಮ, ನಿಂಗೆ ಹಿಂದಿ ಬರ್ತಿತ್ತಾ?"

"ಇಲ್ಲ ಕಣೇ" ಅಂದರು. ತಡವರಿಸಲೂ ಇಲ್ಲ, ಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಒಬ್ರೂ ಕೇಳ್ಲೇ ಇಲ್ಲ ನೋಡು ಇಷ್ಟು ವರ್ಷ. ನೀನೇ ಮೊದಲ್ನೇಯೋಳು."

"ತುಟಿ ನೋಡಿದ್ರೆ ಗೊತ್ತಾಗುತ್ತೆ ಅಂತಿದ್ದೆ?"

"ತುಟಿ ಗೊತ್ತಾಗ್ತಿತ್ತು, ಮಾತು ಗೊತ್ತಾಗ್ತಿರ್ಲಿಲ್ಲ. ಕೋಪ ಬಂದದಾ, ಅಳು ಬಂದದಾ, ಸುಳ್ಳು ಹೇಳ್ತಾವ್ನಾ, ಅಷ್ಟು ಕಾಣ್ತಿತ್ತು. ಕಾಣದೇ ಇದ್ದ ಕಡೆ ನಾನೇ ಕೆಚ್ಚಿಬಿಡ್ತಿದ್ದೆ. ಇಪ್ಪತ್ತು ಮಕ್ಳು ಬಾಯಿ ತಕ್ಕೊಂಡು ಕೂತಿದ್ರೆ ಗೊತ್ತಿಲ್ಲ ಅನ್ನಕ್ಕಾಗ್ತದಾ?"

ಆ ಮಾತಿಗೆ ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ಆ ಭಾನುವಾರದ ಕಂತನ್ನು ನೆನಪಿಸಿದೆ. ನಾನೊಂದು ಊಹೆ ಮಾಡಿಕೊಂಡು ಹೋಗಿದ್ದೆ. ಚಿಕ್ಕಂದಿನಲ್ಲಿ ಇವರನ್ನೂ ಯಾರೋ ಶಾಲೆ ಬಿಡಿಸಿರಬೇಕು, ಆ ಸಂಕಟವೇ ಅವತ್ತು ಮಾತಾಗಿ ಬಂದಿರಬೇಕು ಎಂದು. ಹಾಗೆಂದು ಕೇಳಿಯೂ ಬಿಟ್ಟೆ.

"ಥೂ, ನನ್ನನ್ಯಾರು ಬಿಡಿಸಿದ್ರು? ನಾನೇ ಓಡಿ ಬಂದಿದ್ದು. ಮೇಷ್ಟ್ರು ಹೊಡೀತಿದ್ರು. ಮಗ್ಗದ ಕೆಳಗೆ ಹೋಗಿ ಬಚ್ಚಿಟ್ಕೊಂಡೆ, ಅಲ್ಲೇ ಕೂತು ಕೆಚ್ಚೋದು ಕಲ್ತೆ." ಒಂದು ಕಾಯಿ ಸುಲಿದು ಕಾಳು ಬುಟ್ಟಿಗೆ ಹಾಕಿದರು. "ಅದು ನಿಮ್ಮಪ್ಪನ ಮಾತು ಕಣೇ."

ನನಗೆ ಅರ್ಥವಾಗಲಿಲ್ಲ. ಅಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

"ಶನಿವಾರ ಬಂದಿದ್ದ ನಿಮ್ಮಪ್ಪ. ಇಲ್ಲೇ, ಈ ಕಂಬಕ್ಕೆ ಒರಗಿ ನಿಂತ್ಕೊಂಡ. 'ಅಕ್ಕಾ, ಅಣ್ಣನ ಮುಂದೆ ಹೂಂ ಅಂದ್ಬಿಟ್ಟೆ. ಹುಡುಗಿ ಒಂದ್ ಮಾತು ಬೇಕು ಅಂದ್ರೆ ಸಾಕು, ಬಿಡಿಸಲ್ಲ. ಬೆಳಿಗ್ಗೆ ಸಂಜೆ ಕೂತ್ರೂ ಕೆಲ್ಸ ನಡೀತದೆ. ಕೇಳ್ತಾನೇ ಇಲ್ಲ ಅವಳು. ತಲೆ ಬಗ್ಸ್ಕೊಂಡು ಕಂಡಿಕೆ ಸುತ್ತುತಾ ಕೂತವಳೆ' ಅಂದ. ಕಣ್ಣಲ್ಲಿ ನೀರು ಹಾಕ್ದ. 'ನೀನೇ ಅವಳಿಗೆ ಹೇಳೋ' ಅಂದೆ. ನೆಲ ನೋಡ್ದ. 'ನಾಳೆ ಟೀವಿ ಹೊತ್ತಿಗೆ ಬಾ' ಅಂತ ಕಳಿಸ್ದೆ. ಅವನಿಗೆ ಬಾಯಿಲ್ಲ, ನಿಂಗೂ ಬಾಯಿಲ್ಲ. ಎದುರಾಬದುರಾ ಕೂತು ಇಬ್ರೂ ಸಾಯ್ತಿದ್ರಿ. ಟೀವಿಗಾದ್ರೂ ಒಂದು ಬಾಯಿ ಇರ್ಲಿ ಅಂತ ಹೇಳ್ದೆ. ಆ ಹುಡುಗಿ ಬೇರೆ ಪುಣ್ಯಕ್ಕೆ ಬೆನ್ನು ಹಾಕ್ಕೊಂಡು ನಿಂತ್ಲು. ಮುಖ ತೋರ್ಸಿದ್ರೆ ನೀವೆಲ್ಲ ಹಿಡಿದ್ಬಿಡ್ತಿದ್ರಿ."

"ನಂಗೇ ಕರೆದು ಹೇಳ್ಬಹುದಿತ್ತಲ್ಲ ದೊಡ್ಡಮ್ಮ, ಹೋಗಿ ಕೇಳು ಅಂತ?"

"ಹೇಳಿದ್ರೆ ಹೋಗಿ ಕೇಳ್ತಿದ್ದೆ. ನೀನು ಹೇಳಿದ್ದೆಲ್ಲ ಮಾಡೋಳು. ಅದು ನಾನು ಕೇಳಿದ ಹಂಗಾಗ್ತಿತ್ತು, ನೀನು ಕೇಳಿದ ಹಂಗಾಗ್ತಿರ್ಲಿಲ್ಲ."

ನನಗೆ ಮೊದಲು ಬಂದದ್ದು ಅಪ್ಪನ ಮೇಲೆ ಕೋಪ. ನಾನು ಬಾಯಿಬಿಡದೇ ಇದ್ದಿದ್ದರೆ? ಹನ್ನೆರಡು ವರ್ಷದ ಹುಡುಗಿಯ ಒಂದು ಮಾತಿಗೆ ಅವಳ ಇಡೀ ಬದುಕನ್ನು ಕಟ್ಟಿಹಾಕಿ ಸುಮ್ಮನೆ ಕಾಯುವುದುಂಟೆ? ಆಮೇಲೆ, ಬಾಗಿಲಲ್ಲಿ ಮಗ್ಗ ನಿಲ್ಲಿಸಿ ಬಂದು ನಿಂತಿದ್ದ ಆ ಮನುಷ್ಯ ಕಣ್ಣಮುಂದೆ ಬಂದರು. ಮಗಳು ಕೇಳಲಿ ಎಂದು ಊರಲ್ಲಿ ಇನ್ನೊಬ್ಬರ ಹತ್ತಿರ ಹೋಗಿ ಕೇಳಿಕೊಂಡಿದ್ದರು. ತಮಗಾಗಿ ಒಂದು ಸೌಟು ಸಾರು ಕೇಳದವರು. ಇಷ್ಟೆಲ್ಲ ಇಟ್ಟುಕೊಂಡು ನನಗೊಮ್ಮೆ ಹೇಳದೆಯೇ ಹೋಗಿಬಿಟ್ಟರು. ನಾನು ಅತ್ತೆ. ದೊಡ್ಡಮ್ಮ ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕಾಯಿ ಸುಲಿಯುತ್ತಾ ಕೂತಿದ್ದು, ನಾನು ಮೂಗು ಒರೆಸಿಕೊಂಡ ಮೇಲೆ ನನ್ನ ಮೊಣಕಾಲು ತಟ್ಟಿದರು.

"ಅದಿರ್ಲಿ, ನೀನೀಗ ಹಿಂದಿ ಮೇಡಂ. ನಂಗೊಂದು ಹೇಳು. ಆ ನಡೂಕಿನೋಳು ಅವತ್ತು ಬೆನ್ನು ಹಾಕ್ಕೊಂಡು ನಿಂತ್ಲಲ್ಲ, ನಿಜವಾಗ್ಲೂ ಏನಂದ್ಲೇ? ನಂಗೆ ಇವತ್ತಿಗೂ ಗೊತ್ತಾಗಿಲ್ಲ."

ಇಷ್ಟು ವರ್ಷ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು! ನಮ್ಮಂತೆಯೇ ಅವರೂ ಆ ಟೀವಿಯ ಮುಂದೆ ಏನೂ ತಿಳಿಯದೆ ಕೂತ ಒಬ್ಬರು ಎಂದು ನನಗೆ ಆವಾಗ ಹೊಳೆಯಿತು. ಚಪ್ಪಾಳೆ ತಟ್ಟಿದ ನಾವೆಲ್ಲ ಕತೆಯ ಕೊನೆ ತಿಳಿದು ಮನೆಗೆ ಹೋದೆವು, ಅವರೊಬ್ಬರಿಗೆ ಮಾತ್ರ ಕೊನೆ ಗೊತ್ತಾಗಲಿಲ್ಲ.

ಫೋನು ತೆಗೆದು ಆ ಕಂತು ಹಾಕಿ ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಹುಡುಗಿ ಬಂದಳು, ನಿಂತಳು. ಅವರಪ್ಪ ತಲೆಯಾಡಿಸಿದ.

"ಏನಂದ್ಲು?"

ಸುಳ್ಳು ಹೇಳಿಬಿಡೋಣ ಅನ್ನಿಸಿತು. ಅವರು ನಮಗೆ ಹೇಳಿದ್ದನ್ನೇ ಅವರಿಗೆ ಹೇಳಿದ್ದರೆ ಆಗುತ್ತಿತ್ತು. ಆದರೆ ಮುಖ ನೋಡಿ ಸುಳ್ಳು ಹಿಡಿಯುವವರು ಅವರು.

"ಏನೂ ಅನ್ಲಿಲ್ಲ ದೊಡ್ಡಮ್ಮ. ಸುಮ್ನೆ ನಿಂತಿದ್ಲು. ಅವರಪ್ಪ ಟೀ ಮಾಡ್ಕೊಂಡು ಬಾ ಅಂದ."

ದೊಡ್ಡಮ್ಮ ಪರದೆಯ ಮೇಲಿನ ಆ ಎರಡು ಜಡೆಯ ಹುಡುಗಿಯನ್ನು ಮತ್ತೆ ನೋಡಿದರು. ನುಣ್ಣಗಿನ ಆ ಹೆಬ್ಬೆರಳನ್ನು ಅವಳ ಬೆನ್ನ ಮೇಲಿಟ್ಟರು.

"ಅಯ್ಯೋ ಪಾಪ" ಅಂದರು. "ಅವಳಿಗೆ ಎದುರುಮನೆ ಅಂತ ಒಂದು ಇರ್ಲಿಲ್ವೇನೋ."

"ನಂಗಿತ್ತಲ್ಲ ದೊಡ್ಡಮ್ಮ" ಎಂದೆ.

ಅವರು ತಲೆಯಾಡಿಸಿ ಅವರೆಕಾಯಿಯ ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿದರು. ಇಬ್ಬರೂ ಸುಲಿದೆವು. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಅವರು ತೀರಿಹೋದರು. ನಂಗಿತ್ತಲ್ಲ ಎಂಬ ಅಷ್ಟನ್ನಾದರೂ, ಯಾರೂ ಹೇಳಿಕೊಡದೆ, ನಾನು ಬಾಯಿಬಿಟ್ಟು ಹೇಳಿದ್ದೆ.